ಅಕ್ರೋಟ ಮರದ ಬದು

ಆ ಊರಿನಲ್ಲಿ ನನ್ನ ಕೆಲಸದ ಮೊದಲ ದಿನ ಶುರುವಾದದ್ದೇ ಹೊಡೆತದಿಂದ. ಹಾಲಿನ ಟ್ಯಾಂಕರು ಒಂದು ಹಳ್ಳಿಮನೆಯ ಅಂಗಳದಲ್ಲಿ ನಿಂತಿತ್ತು. ಕ್ಯಾನು ಎತ್ತಲು ನಾನು ಇಳಿದೆ. ಕುರಿ ಕಾಯುವ ನಾಯಿಯೊಂದು, ನಮ್ಮ ಕಡೆಯ ಕರುವಿನಷ್ಟು ಎತ್ತರದ್ದು, ಸರಪಳಿ ಕಿತ್ತುಕೊಂಡು ನನ್ನ ಮೇಲೆ ಎಗರಿತು. ಖಾಲಿ ಕ್ಯಾನನ್ನೇ ಅಡ್ಡ ಹಿಡಿದೆ. ಅಷ್ಟರಲ್ಲಿ ಡ್ರೈವರ್ ಇಳಿದು ಬಂದು, ಟ್ಯಾಂಕಿನ ಮುಚ್ಚಳ ಮೀಟುವ ಕಬ್ಬಿಣದ ಸಲಾಕೆಯಿಂದ ಅದರ ಮೂತಿಗೆ ಒಂದೇ ಏಟು ಕೊಟ್ಟ. ನಾಯಿ ಕೂಗಲೂ ಇಲ್ಲ. ಮುಂಗಾಲು ಮಡಚಿ ಕುಸಿದು, ಬಾಯಿಂದ ರಕ್ತ ಸುರಿಸುತ್ತ ಅವನನ್ನೇ ನೋಡಿತು. ನಾಯಿಯ ಯಜಮಾನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಡ್ರೈವರ್ ಸಲಾಕೆಯನ್ನು ಹುಲ್ಲಿಗೆ ಒರೆಸಿ ಸೀಟಿನ ಕೆಳಗೆ ಇಟ್ಟ.

"ನಿನ್ನ ಕಾಲ ಉಳೀತ ನೋಡು, ಇಂಡಿಯಾ," ಅಂದ.

ಆವತ್ತು ಅವನು ಅಂದದ್ದು ನನಗೆ ತಿಳಿದಿರಲಿಲ್ಲ. ಅವರ ಭಾಷೆ ಕಿವಿಗೆ ಹತ್ತಲು ಒಂದು ಮಳೆಗಾಲದಷ್ಟು ಹೊತ್ತು ಬೇಕಾಯಿತು. ಆಮೇಲೆ ನೆನಪು ಮಾಡಿಕೊಂಡಾಗ ಎಲ್ಲ ಮಾತೂ ನಮ್ಮ ಕಡೆಯ ಮಾತಾಗಿಯೇ ತಲೆಯಲ್ಲಿ ಕೂತಿದ್ದವು. ಹಾಗಾಗಿ ಅವರ ಮಾತನ್ನೂ ಹಂಗೇ ಬರೆಯುತ್ತಿದ್ದೇನೆ.

ನಾನು ಅಕ್ಕಿಆಲೂರಿನ ಹತ್ತಿರದ ಹಳ್ಳಿಯವನು. ಹಾನಗಲ್ ಸುತ್ತಿನ ಹಳ್ಳಿಗಳಿಂದ ಹಾಲು ಒಟ್ಟು ಮಾಡಿ ಶೀತಲ ಕೇಂದ್ರಕ್ಕೆ ಮುಟ್ಟಿಸುವ ಗಾಡಿಯನ್ನು ಹಲವು ವರ್ಷ ಓಡಿಸಿದ್ದೆ. ಸರ್ಬಿಯಾ ಎಂಬ ದೇಶದಲ್ಲಿ ಡೇರಿ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂದು ಶಿಗ್ಗಾಂವದ ಹೈವೇ ಬದಿಯ ಏಜೆಂಟ್ ಒಬ್ಬ ಹೇಳಿದಾಗ, ಅದು ಭೂಪಟದಲ್ಲಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ಅದೇ ಏಜೆಂಟನ ಅಂಗಡಿಯಲ್ಲಿ ಸವಣೂರಿನ ಒಬ್ಬ ಸಿಕ್ಕ. ತಗಡಿನ ಕೆಲಸದ ಮನೆತನದವನು, ನನ್ನ ವಯಸ್ಸಿನವನೇ. ಇಬ್ಬರೂ ಒಟ್ಟಿಗೆ ಹೋದೆವು, ಡೇರಿಯ ಹಿಂದಿನ ಒಂದೇ ಕೋಣೆಯಲ್ಲಿ ಉಳಿದೆವು. ಅವನಿಗೆ ಟ್ಯಾಂಕು ತೊಳೆಯುವ, ರಿಪೇರಿಯ ಕೆಲಸ. ನನಗೆ ಅಲ್ಲಿಯ ಲೈಸೆನ್ಸ್ ಇಲ್ಲದ್ದರಿಂದ ಹಾಲಿನ ಗಾಡಿಯಲ್ಲಿ ಕ್ಯಾನು ಎತ್ತುವ ಕೆಲಸ.

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ನೆಟ್ಟಗೆ ಹೊರಳಲಿಲ್ಲ. ಬರೆದರೂ ತಪ್ಪಾದೀತು, ಬಿಡುತ್ತೇನೆ. ಹಾನಗಲ್ಲಿಗಿಂತ ಸಣ್ಣ ಊರು. ನಡುವೆ ಒಂದು ಚೌಕ, ಚೌಕದಲ್ಲಿ ಯುದ್ಧಕ್ಕೆ ಸತ್ತವರ ಕಲ್ಲಿನ ಕಂಬ, ಒಂದು ಚರ್ಚು, ಬಸ್‌ಸ್ಟ್ಯಾಂಡು, ಬಾಗಿಲು ಹಾಕಿದ ಚಪ್ಪಲಿ ಕಾರ್ಖಾನೆ, ಕೆಂಪು ಹೆಂಚಿನ ಮನೆಗಳ ಹಿಂದೆ ಹರಿಯುವ ಹೊಳೆ. ಶುಕ್ರವಾರ ಸಂತೆ. ಸುತ್ತಲ ಗುಡ್ಡಗಳಲ್ಲಿ ಚದುರಿದ ಹಳ್ಳಿಗಳೆಲ್ಲ ಆ ಊರಿನ ಆಡಳಿತಕ್ಕೇ ಸೇರಿದವು. ನಮ್ಮಲ್ಲಿ ತಾಲೂಕು ಇದ್ದ ಹಾಗೆ. ಸತ್ತವರ ಫೋಟೊ ಅಚ್ಚು ಹಾಕಿಸಿದ ಹಾಳೆಗಳನ್ನು ಅಲ್ಲಿ ಕರೆಂಟು ಕಂಬಕ್ಕೆ, ಮರಕ್ಕೆ, ಬಸ್ ನಿಲ್ಲುವ ಗೋಡೆಗೆ ಅಂಟಿಸುತ್ತಾರೆ. ಕೆಲವು ಹಳ್ಳಿಗಳಲ್ಲಿ ಕಂಬದ ಮೇಲಿನ ಮುಖಗಳೇ ಓಣಿಯಲ್ಲಿ ಓಡಾಡುವ ಮುಖಗಳಿಗಿಂತ ಹೆಚ್ಚು ಕಾಣುತ್ತಿದ್ದವು.

ಸವಣೂರಿನವನಿಗೆ ಭಾಷೆ ನನಗಿಂತ ಬೇಗ ಹತ್ತಿತು. ಹಳೆಯ ಕಾಲದಲ್ಲಿ ತುರ್ಕರು ಆಳಿದ ನಾಡಂತೆ ಅದು. ಮನೆಯಲ್ಲಿ ಉರ್ದು ಆಡಿ ಬೆಳೆದ ಅವನಿಗೆ ದಿನಕ್ಕೊಂದು ಪರಿಚಯದ ಮಾತು ಸಿಗುತ್ತಿತ್ತು. "ಜೇಬಿಗೆ ಇಲ್ಲೂ ಜೆಪ್ ಅಂತಾರೋ ಮಾರಾಯಾ. ಸಾಬೂನಿಗೆ ಸಪುನ್," ಎಂದು ಟ್ಯಾಂಕು ತೊಳೆಯುತ್ತ ನಗುತ್ತಿದ್ದ. ಇನ್ನೊಂದು ದಿನ ಬಂದು, "ವೈರಿಗೆ ಏನ ಅಂತಾರ ಗೊತ್ತೇನ? ದುಶ್ಮನ್," ಅಂದ. ಡ್ರೈವರ್‌ನ ಬಾಯಲ್ಲಿ ದಿನವೂ ಕೇಳುತ್ತಿದ್ದ ಆ ಮಾತು ಏನೆಂದು ನನಗೆ ಆಗ ತಿಳಿಯಿತು.

ಡ್ರೈವರ್ ಐವತ್ತರ ಆಸುಪಾಸಿನವನು. ಹರೆಯದಲ್ಲಿ ಯುದ್ಧಕ್ಕೆ ಹೋಗಿ ಬಂದಿದ್ದ. ಅದರ ಬಗ್ಗೆ ಅವನು ಒಂದು ಮಾತನ್ನೂ ಆಡಿದ್ದು ನಾನು ಕೇಳಲಿಲ್ಲ, ಊರಿನವರು ಹೇಳಿದ್ದು. ಬೆಳಗಿನ ಹೊತ್ತು ಒಳ್ಳೆಯವನು. ನನಗೆ ಬ್ರೆಡ್ಡು, ಮೊಸರು ತರುತ್ತಿದ್ದ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಮೆಣಸಿನಕಾಯಿ ಸುಟ್ಟು ಎಣ್ಣೆ ಹಾಕಿ ತಂದುಕೊಡುತ್ತಿದ್ದ. ಆದರೆ ಯಾರಾದರೂ ಅಡ್ಡ ಬಂದರೆ ಅವನ ಕೈ ಮೊದಲು ಹೋಗುವುದು ಸಲಾಕೆಗೆ. ಒಮ್ಮೆ ಹೊಳೆಯ ಸಣ್ಣ ಸೇತುವೆಯ ಮೇಲೆ ಎದುರಿನ ಕಾರು ಹಿಂದೆ ಸರಿಯಲಿಲ್ಲ. ಇವನು ಇಳಿದು ಹೋಗಿ, ಕಾರಿನವನನ್ನು ಕಿಟಕಿಯಿಂದಲೇ ಕಾಲರ್ ಹಿಡಿದು ಎಳೆದು, ಅವನ ಹಣೆಯನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ. ಹುಬ್ಬು ಒಡೆದು ಕಣ್ಣೆಲ್ಲ ರಕ್ತವಾದ ಮೇಲೆ ಆ ಮನುಷ್ಯ ಕಾರನ್ನು ಹಿಂದೆ ತೆಗೆದ. ಡ್ರೈವರ್ ಬಂದು ಕುಳಿತು ಗೇರ್ ಹಾಕಿದ.

ನಮ್ಮ ದಾರಿಯ ಕೊನೆಯ ಹಳ್ಳಿ ಗುಡ್ಡದ ನೆತ್ತಿಯಲ್ಲಿತ್ತು. ಅದು ಡ್ರೈವರ್‌ನ ಸ್ವಂತ ಹಳ್ಳಿ. ಅಲ್ಲಿ ಅಕ್ಕಪಕ್ಕ ಎರಡು ಮನೆ: ಒಂದು ಅವನದು, ಒಂದು ಅವನ ಅಣ್ಣನದು. ಅಣ್ಣನ ಕೊಟ್ಟಿಗೆಯ ಹಾಲೇ ಆ ಹಳ್ಳಿಯಿಂದ ನಮಗೆ ಸಿಗುವ ದೊಡ್ಡ ಪಾಲು. ಆದರೆ ಅಲ್ಲಿ ಡ್ರೈವರ್ ಗಾಡಿಯಿಂದ ಇಳಿಯುತ್ತಿರಲಿಲ್ಲ. ಕಿಟಕಿಯ ಗಾಜು ಏರಿಸಿ, ಮುಖ ತಿರುಗಿಸಿ ಸಿಗರೇಟು ಸೇದುತ್ತಿದ್ದ. ನಾನೇ ಹೋಗಿ, ಅತ್ತಿಗೆ ಅಳೆದುಕೊಡುವ ಹಾಲನ್ನು ತರುತ್ತಿದ್ದೆ. ಆಕೆ ಅಣ್ಣನ ಹೆಂಡತಿ, ದಪ್ಪ ಕೈಗಳ ಗಟ್ಟಿ ಹೆಂಗಸು. ಮೊದಮೊದಲು ಮಾತಿಲ್ಲ. ಆಮೇಲೆ ದಿನವೂ ಜೇಬು ತುಂಬ ಅಕ್ರೋಟು ಕೊಡತೊಡಗಿದಳು.

ಎರಡೂ ಅಂಗಳದ ನಡುವಿನ ಬದುವಿನ ಮೇಲೆ ಒಂದು ಅಕ್ರೋಟ ಮರವಿತ್ತು. ತಬ್ಬಿದರೆ ಎರಡು ತೋಳು ಮುಟ್ಟದಷ್ಟು ದಪ್ಪ. ಅಪ್ಪ ಸತ್ತ ಮೇಲೆ ಅಣ್ಣತಮ್ಮ ಪಾಲು ಮಾಡಿಕೊಂಡಾಗ ಹೊಲ, ದನ, ಪಾತ್ರೆ ಎಲ್ಲವೂ ಹಂಚಿಹೋದವು. ಮರ ಮಾತ್ರ ಬದುವಿನ ಮೇಲೆ ನಿಂತುಬಿಟ್ಟಿತು. ಮರ ತನ್ನದು ಎಂದು ಇಬ್ಬರೂ ಹೇಳಿದರು. ಮಾತು ನಿಂತಿತು. ಡ್ರೈವರ್‌ನ ಹೆಂಡತಿ ಬಹಳ ಹಿಂದೆಯೇ ಮಗಳನ್ನು ಕರೆದುಕೊಂಡು ದೊಡ್ಡ ಊರಿಗೆ ಹೋಗಿದ್ದಳು. ಮನೆಯಲ್ಲಿ ಅವನೊಬ್ಬನೇ. ಸಂಜೆ ಮನೆ ಮುಂದೆ ಕುಳಿತರೆ ಅವನಿಗೆ ಕಾಣುತ್ತಿದ್ದುದು ಆ ಮರ, ಅದರಾಚೆ ಅಣ್ಣನ ಬಾಗಿಲು.

ಬದುವಿನ ಜಗಳ ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಅದು ಕಾಲುವೆ ನೀರಿಗೆ ನಡೆದದ್ದು. ನನಗೆ ಮೀಸೆ ಬರುತ್ತಿದ್ದ ವಯಸ್ಸು. ನಮ್ಮ ಗದ್ದೆಗೆ ಬಿಟ್ಟಿದ್ದ ನೀರನ್ನು ಅಪ್ಪನ ತಮ್ಮ, ನನ್ನ ಕಾಕಾ, ಮಣ್ಣು ಹಾಕಿ ತನ್ನ ಕಡೆ ತಿರುಗಿಸಿದ. ಅಪ್ಪ ಹೋಗಿ ಮಣ್ಣು ಕಿತ್ತ. ಕಾಕಾನ ಕೈಯಲ್ಲಿ ಕುಡಗೋಲು ಇತ್ತು. ಅಪ್ಪ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಹಾರಿಹೋದವು. ಕೆಸರು ನೀರಿನಲ್ಲಿ ಅವನ್ನು ಹುಡುಕಿದ್ದು ನಾನೇ, ಸಿಗಲಿಲ್ಲ. ಹಾನಗಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ಕೇಳಿದಾಗ ಅಪ್ಪ, "ಮೇವು ಕೊಚ್ಚೋ ಮಷಿನ್ನಿನಾಗ ಸಿಕ್ತರಿ," ಅಂದುಬಿಟ್ಟ. ಬಾಗಿಲ ಹೊರಗೆ ಕಾಕಾ ನಿಂತಿದ್ದ. ಆಮೇಲೂ ಅವನು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು ಚಹಾ ಕುಡಿಯುತ್ತಿದ್ದ. ಬೆರಳಿಲ್ಲದ ಕೈಯಿಂದ ಅಪ್ಪ ಚಹಾದ ಬಸಿ ಹಿಡಿದು ಅವನಿಗೆ ಕೊಡುವುದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅಪ್ಪನ ಮೇಲೆ, ಕಾಕಾನ ಮೇಲಲ್ಲ.

ಚಳಿ ಶುರುವಾದಾಗ ಆ ಸೀಮೆಯಲ್ಲಿ ಮನೆಮನೆಯಲ್ಲೂ ಹಂದಿ ಕಡಿಯುತ್ತಾರೆ. ಚಳಿಗಾಲಕ್ಕೆಲ್ಲ ಅದೇ ಆಹಾರ. ಹಿಡಿಯಲು ಗಂಡಾಳು ಬೇಕು. ನೆರೆಯವರು ಬಂದು ಕೈ ಹಚ್ಚುವುದು ವಾಡಿಕೆ. ಅಣ್ಣನ ಹಳ್ಳಿಯಲ್ಲಿ ಗಟ್ಟಿ ಗಂಡಸರೇ ಉಳಿದಿರಲಿಲ್ಲ. ಅತ್ತಿಗೆ ನನ್ನನ್ನು ಕರೆದಳು.

ಸವಣೂರಿನವನಿಗೆ ಹೇಳಿದೆ. "ನನ್ನ ಕರೀಬ್ಯಾಡ. ನೀನೂ ಹೋಗಬ್ಯಾಡ. ಲಿಂಗಾ ಕಟ್ಟಿದವ ನೀ, ನಿನಗ್ಯಾಕ ಇದು?" ಅಂದ.

"ದಿನಾ ಅವರ ಮನಿ ಅಂಗಳಕ್ಕ ಹೋಗ್ತೇನಿ. ಒಂದ ದಿವ್ಸ ಕರದಾರ. ಒಲ್ಲೆ ಅಂದ್ರ ಹೆಂಗ?"

"ನಿಮ್ಮವ್ವಗ ಗೊತ್ತಾದ್ರ?"

"ನೀ ಹೇಳಬ್ಯಾಡ, ಆತಿಲ್ಲ?"

ರಜೆಯ ದಿನ ಬೆಳಿಗ್ಗೆ ಹೋದೆ. ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ದೊಡ್ಡ ಕೊಪ್ಪರಿಗೆಯಲ್ಲಿ ನೀರು ಕುದಿಯುತ್ತಿತ್ತು. ಇಬ್ಬರು ಮುದುಕರು, ಅಣ್ಣ, ನಾನು ಸೇರಿ ಹಂದಿಯನ್ನು ಮಗ್ಗುಲಿಗೆ ಕೆಡವಿದೆವು. ನಾನು ಹಿಂಗಾಲು ಹಿಡಿದಿದ್ದೆ. ಅದು ಕಿರುಚಿದ ಕಿರುಚಾಟ ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಣ್ಣ ಚಾಕು ಹಾಕಿದ, ಆದರೆ ಸರಿಯಾದ ಜಾಗಕ್ಕೆ ಬೀಳಲಿಲ್ಲ. ಹಂದಿ ನಮ್ಮನ್ನೆಲ್ಲ ಒದ್ದು ಎದ್ದಿತು. ಕುತ್ತಿಗೆಯಲ್ಲಿ ಚಾಕು ಇಟ್ಟುಕೊಂಡೇ ಅಂಗಳ ಸುತ್ತಿತು. ಗೋಡೆಗೆ, ಕಟ್ಟಿಗೆ ಒಟ್ಟಿಲಿಗೆ, ಒಣಹಾಕಿದ್ದ ಬಟ್ಟೆಗೆ ರಕ್ತ ಚಿಮ್ಮಿತು. ಒಬ್ಬ ಮುದುಕ ಜಾರಿ ಬಿದ್ದ.

ಆಗ ಡ್ರೈವರ್ ಬದು ದಾಟಿ ಬಂದ. ತನ್ನ ಮನೆಯ ಕಿಟಕಿಯಿಂದ ನೋಡುತ್ತಿದ್ದನೆಂದು ಕಾಣುತ್ತದೆ. ಅವನ ಕೈಯಲ್ಲಿ ತನ್ನದೇ ಚಾಕು ಇತ್ತು. ಹಂದಿಯ ಕಿವಿ ಹಿಡಿದು, ಮಂಡಿಯೂರಿ ಅದರ ಮೇಲೆ ಬಿದ್ದು, ಒಂದೇ ಸಲಕ್ಕೆ ಮುಗಿಸಿದ. ಅಣ್ಣನ ಮುಖ ನೋಡದೆ, "ಹಿಡಿ," ಅಂದ. ಅಣ್ಣ ಹಿಡಿದ. ಅಷ್ಟೇ ಮಾತು. ಆಮೇಲೆ ಅರ್ಧ ದಿನ ಇಬ್ಬರೂ ಜೊತೆಯಾಗಿ ಕೆಲಸ ಮಾಡಿದರು. ಒಬ್ಬ ಬಿಸಿನೀರು ಸುರಿದರೆ ಇನ್ನೊಬ್ಬ ಕೂದಲು ಹೆರೆದ. ಒಬ್ಬ ಕೈ ಚಾಚುವ ಮೊದಲೇ ಇನ್ನೊಬ್ಬ ಕೊಡಲಿ ಕೊಟ್ಟ. ನಾನು ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅತ್ತಿಗೆ ಬಂದು ಹಣ್ಣಿನ ಸಾರಾಯಿಯ ಸಣ್ಣ ಗ್ಲಾಸು ಚಾಚಿದಳು. ಕುಡಿಯುವುದಿಲ್ಲ ಅಂದೆ. "ಕುಡ್ಯಾಕ ಅಲ್ಲ. ಬಾಯಿ ಮುಕ್ಕಳಿಸು," ಅಂದಳು.

ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕುಳಿತರು. ನನಗೆ ಆಲೂಗಡ್ಡೆ ಬೇಯಿಸಿದ್ದಳು. ಎರಡನೆಯ ಗ್ಲಾಸಿಗೋ ಮೂರನೆಯದಕ್ಕೋ ಅಣ್ಣ ಅಂದ, "ಆ ಅಕ್ರೋಟದ ಬೇರು ನನ್ನ ಕೊಟ್ಟಿಗಿ ಗ್ವಾಡಿ ಬಿರಿಸಾಕತ್ತೇತಿ. ಚಳಿ ಮುಗ್ಯೂದ್ರಾಗ ಮರಾ ಕಡಸ್ತೇನಿ."

ಡ್ರೈವರ್ ಗ್ಲಾಸು ಕೆಳಗಿಟ್ಟ. "ಮರಕ್ಕ ಕೈ ಹಚ್ಚಿದ್ರ ನಿನಗ ಕೈ ಇರಂಗಿಲ್ಲ."

"ನನ್ನ ಜಾಗಾ."

"ಅಪ್ಪ ನೆಟ್ಟ ಮರ ಅದು."

ಅಣ್ಣ ನಕ್ಕ. ಡ್ರೈವರ್ ಮೇಜಿನ ಅಂಚು ಹಿಡಿದು ಎತ್ತಿ ಉರುಳಿಸಿದ. ತಟ್ಟೆ, ಬಾಟಲಿ, ಬಿಸಿ ಸಾರು ಎಲ್ಲವೂ ಅಣ್ಣನ ತೊಡೆಯ ಮೇಲೆ ಬಿದ್ದವು. ಅಣ್ಣ ಎದ್ದು ಒಡೆದ ಬಾಟಲಿ ಹಿಡಿದ. ಅತ್ತಿಗೆ ಇಬ್ಬರ ನಡುವೆ ಬಂದು ನಿಂತಳು. ಬಾಟಲಿಯ ಅಂಚು ಆಕೆಯ ಮುಂಗೈ ಸೀಳಿತು. ಸೆರಗಿಲ್ಲದ ಸೀಮೆ, ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಗೆ ಸುತ್ತಿಕೊಂಡು, ಒಡೆದ ತಟ್ಟೆ ಆರಿಸತೊಡಗಿದಳು.

ಇದಾದ ಮೇಲೆ ಹಿಮ ಬಿತ್ತು. ಗಾಡಿ ಚಕ್ರಕ್ಕೆ ಸರಪಳಿ ಸುತ್ತಿ ಗುಡ್ಡ ಹತ್ತುತ್ತಿದ್ದೆವು. ಒಂದು ಬೆಳಿಗ್ಗೆ ಹಳ್ಳಿ ಇನ್ನೂ ಒಂದು ತಿರುವಿನಾಚೆ ಇರುವಾಗಲೇ ಮರ ಕೊಯ್ಯುವ ಮಷಿನ್ನಿನ ಸದ್ದು ಕೇಳಿತು. ಡ್ರೈವರ್ ಗಾಜು ಇಳಿಸಿದ. ಕಿವಿಗೊಟ್ಟು ಕೇಳಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ, ಕಾಲು ಮಾತ್ರ ಆಕ್ಸಿಲರೇಟರ್ ಮೇಲೆ ಒತ್ತಿತು.

ನಾವು ಅಂಗಳ ಮುಟ್ಟುವಾಗ ಮರ ಬಿದ್ದಾಗಿತ್ತು. ಅದರ ಟೊಂಗೆಗಳು ಡ್ರೈವರ್‌ನ ಅಂಗಳದ ತುಂಬ ಹರಡಿಕೊಂಡಿದ್ದವು. ಒಂದು ಟೊಂಗೆ ಅವನ ಮನೆಯ ಕಿಟಕಿಯನ್ನು ಒಡೆದು ಒಳಗೆ ಹೊಕ್ಕಿತ್ತು. ಅಣ್ಣ ಮಷಿನ್ ಆರಿಸಿ ಬೊಡ್ಡೆಯ ಪಕ್ಕ ನಿಂತಿದ್ದ. ಡ್ರೈವರ್ ಸಲಾಕೆ ತೆಗೆದುಕೊಂಡು ಇಳಿದ. ನಾನು ಹಿಂದೆ ಓಡಿ ಅವನ ಜಾಕೀಟು ಹಿಡಿದೆ. ಅವನು ಮೊಣಕೈಯಿಂದ ನನ್ನ ಎದೆಗೆ ಗುದ್ದಿದ. ನಾನು ಹಿಮದಲ್ಲಿ ಕುಕ್ಕರಿಸಿದೆ. ಏಳುವಷ್ಟರಲ್ಲಿ ಸಲಾಕೆ ಅಣ್ಣನ ಹೆಗಲ ಮೇಲೆ ಬಿದ್ದಿತ್ತು. ಎಲುಬು ಮುರಿದದ್ದು ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು. ಡ್ರೈವರ್ ಮತ್ತೆ ಎತ್ತಿದ, ಈ ಸಲ ತಲೆಗೆ. ನಾನು ಹಿಂದಿನಿಂದ ಅವನ ತೋಳು ಜಗ್ಗಿದೆ, ಏಟು ಜಾರಿ ಅಣ್ಣನ ಕಿವಿ ಹರಿಯಿತು. ಅಣ್ಣ ಮಂಡಿಯ ಮೇಲೆ ಬಿದ್ದ. ಬೊಡ್ಡೆಗೆ ಒರಗಿಸಿದ್ದ ಕೊಡಲಿ ಅವನ ಉಳಿದ ಕೈಗೆ ಸಿಕ್ಕಿತು. ಕುಳಿತಲ್ಲಿಂದಲೇ ಬೀಸಿದ. ಅದು ಡ್ರೈವರ್‌ನ ಮೊಣಕಾಲ ಕೆಳಗೆ ಹೊಕ್ಕಿತು.

ಕೊಡಲಿ ಕಾಲಿನಲ್ಲೇ ನಿಂತಿತ್ತು. ಡ್ರೈವರ್ ಅದನ್ನು ನೋಡಿದ, ಆಮೇಲೆ ಕುಳಿತ. ಅಣ್ಣನೇ ಅದನ್ನು ಕಿತ್ತ. ರಕ್ತ ಹೇಗೆ ಬಂತೆಂದರೆ, ಹಿಮ ಕರಗಿ ಹೊಗೆಯಾಡಿತು.

ಅತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಆಕೆಯೇ ಆಕಳ ಹಗ್ಗ ತಂದುಕೊಟ್ಟದ್ದು. ತೊಡೆಗೆ ಹಗ್ಗ ಸುತ್ತಿ, ಕೋಲು ತೂರಿಸಿ ತಿರುವಿದೆ. ಅಣ್ಣ ತನ್ನ ಟೊಪ್ಪಿಗೆ ತೆಗೆದು ಗಾಯದೊಳಗೆ ತುರುಕಿ, ಮುಷ್ಟಿಯಿಂದ ಒತ್ತಿದ. "ಆಂಬುಲೆನ್ಸ್ ಕೆಳಗಿಂದ ಬರೂದ್ರಾಗ ಮುಗೀತೈತಿ. ನೀ ಹೊಡಿ ಗಾಡಿ," ಎಂದು ನನಗೆ ಹೇಳಿದ. ಲೈಸೆನ್ಸ್ ಇಲ್ಲ ಅಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಹೋಗಿ ಸ್ಟಿಯರಿಂಗ್ ಹಿಡಿದೆ.

ಅರ್ಧ ತುಂಬಿದ ಹಾಲಿನ ಟ್ಯಾಂಕು ಇಳಿಜಾರಿನಲ್ಲಿ ಬಹಳ ಅಪಾಯ. ಪ್ರತಿ ತಿರುವಿನಲ್ಲೂ ಹಾಲು ಒಳಗೆ ಅಲೆಯೆದ್ದು ಬಂದು ಬೆನ್ನಿಗೆ ಗುದ್ದಿದ ಹಾಗೆ ಗಾಡಿಯನ್ನು ದೂಡುತ್ತದೆ. ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆಯ ಪದರ. ಎಡಕ್ಕೆ ಕಂದರ. ನಾನು ಬ್ರೇಕು ಮುಟ್ಟದೆ ಗೇರಿನ ಮೇಲೇ ಇಳಿಸಿದೆ. ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಡ್ರೈವರ್ ಬಾಗಿಲಿಗೆ ಒರಗಿದ್ದ. ಅಣ್ಣ ಕೆಳಗೆ ಮಂಡಿಯೂರಿ, ಮುರಿದ ಹೆಗಲನ್ನು ಜೋತುಬಿಟ್ಟು, ಇನ್ನೊಂದು ಕೈಯನ್ನು ಆ ಕಾಲಿನಲ್ಲಿ ಹೂತಿದ್ದ. ಅವನ ಹರಿದ ಕಿವಿಯಿಂದ ರಕ್ತ ತಮ್ಮನ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಕಣ್ಣ ಮುಚ್ಚಬ್ಯಾಡ, ಕತ್ತೆ," ಅಂದ ಅಣ್ಣ.

"ಮರಾ ಯಾಕ ಕಡದಿ?"

"ಸುಮ್ನಿರು."

"ಅಪ್ಪ ನೆಟ್ಟಿದ್ದು."

"ನನಗೂ ಅಪ್ಪನ ಅವಾ."

ಡ್ರೈವರ್ ಅಣ್ಣನ ತಲೆಯ ಮೇಲೆ ಕೈ ಇಟ್ಟ. ಪ್ರೀತಿಗೋ, ಕೂದಲು ಹಿಡಿದು ಎಳೆಯಲೋ, ನನಗೆ ಗೊತ್ತಾಗಲಿಲ್ಲ. ಕೈ ಅಲ್ಲೇ ಉಳಿಯಿತು. ಒಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿ ಕಲ್ಲಿನ ಗೋಡೆಗೆ ಉಜ್ಜಿತು. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ. ಊರಿನ ಚೌಕಕ್ಕೆ ಬಂದಾಗ ಸಂತೆಯ ದಿನವಾಗಿತ್ತು. ಹಾರ್ನಿನ ಮೇಲೆ ಕೈ ಒತ್ತಿಕೊಂಡೇ ಎಲೆಕೋಸಿನ ರಾಶಿಗಳ ನಡುವೆ ನುಗ್ಗಿಸಿದೆ. ದವಾಖಾನೆಯ ಮುಂದೆ ಗಾಡಿ ನಿಂತ ಮೇಲೂ ಅಣ್ಣನ ಮುಷ್ಟಿಯನ್ನು ಗಾಯದಿಂದ ಬಿಡಿಸಲು ಇಬ್ಬರು ನರ್ಸ್‌ಗಳು ಬೇಕಾದರು.

ಡ್ರೈವರ್ ಬದುಕಿದ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿದರು, ಆದರೆ ಮೊಣಕಾಲ ಕೆಳಗೆ ಅದು ಸತ್ತ ಕಾಲು.

ಪೊಲೀಸರು ಕೇಳಿದಾಗ ಡ್ರೈವರ್ ಹಾಸಿಗೆಯ ಮೇಲಿಂದ ಹೇಳಿದನಂತೆ: ಮರ ಕಡಿಯಲು ಅಣ್ಣನಿಗೆ ನೆರವಾಗುತ್ತಿದ್ದೆ, ಕೊಡಲಿ ಜಾರಿತು. ಅಣ್ಣ ಇನ್ನೊಂದು ಕೋಣೆಯಲ್ಲಿ ಹೇಳಿದನಂತೆ: ಟೊಂಗೆ ಬಿದ್ದು ನನ್ನ ಹೆಗಲು ಮುರಿಯಿತು. ದವಾಖಾನೆಗೆ ಬಂದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೂ ಎರಡು ಸುಳ್ಳೂ ಒಂದಕ್ಕೊಂದು ಸರಿಯಾಗಿ ಕೂಡಿದವು. ಪೊಲೀಸರು ನಂಬಲಿಲ್ಲ. ಗಾಡಿಯಲ್ಲಿ ರಕ್ತ ಹತ್ತಿದ ಸಲಾಕೆ ಸಿಕ್ಕಿತ್ತು. ನನ್ನನ್ನು ಠಾಣೆಗೆ ಕರೆದರು.

ಹೋಗುವ ಮೊದಲು ಸವಣೂರಿನವನು ನನ್ನನ್ನು ಹೊರಗೆ ನಿಲ್ಲಿಸಿ ಹೇಳಿದ, "ನೀ ಕ್ಯಾನ್ ಎತ್ತಾಕತ್ತಿದ್ದಿ. ಏನೂ ನೋಡಿಲ್ಲ. ಇಷ್ಟ ಹೇಳಿ ಬಂದ ಬಿಡು. ಅವರ ಮನಿ ಜಗಳ ಅದು."

"ನಾ ನೋಡೇನಿ."

"ನೋಡಿದ್ದೆಲ್ಲಾ ಹೇಳಬೇಕಂತ ಎಲ್ಲೈತಿ?"

ಫೋನಿನಲ್ಲಿ ಯಾರೋ ಹಿಂದಿ ಬಲ್ಲವರನ್ನು ಹಿಡಿದು ದುಭಾಷಿ ಮಾಡಿಸಿದ್ದರು. ನಾನು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ: ಸಲಾಕೆ, ಹೆಗಲು, ಕಿವಿ, ಕೊಡಲಿ, ಯಾರು ಮೊದಲು, ಯಾರು ಆಮೇಲೆ. ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಹಿಮವಲ್ಲ. ಕೆಸರು ನೀರು, ಹಾನಗಲ್ಲಿನ ದವಾಖಾನೆಯ ಹಸಿರು ಬಾಗಿಲು. ಪೊಲೀಸ್ ಅಧಿಕಾರಿ ಬರೆದುಕೊಂಡು, ಕೊನೆಗೆ, ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ್ದನ್ನು ತಾನು ಕೇಳಿಸಿಕೊಂಡಿಲ್ಲ ಅಂದ.

ಅತ್ತಿಗೆಯನ್ನೂ ಕೇಳಿದರು. ತಾನು ಕೊಟ್ಟಿಗೆಯೊಳಗೆ ಹಾಲು ಕರೆಯುತ್ತಿದ್ದೆ, ಏನೂ ಕಾಣಲಿಲ್ಲ ಅಂದಳಂತೆ.

ಅಲ್ಲಿಗೆ ಆ ಸೀಮೆಯಲ್ಲಿ ನಾನೊಬ್ಬನೇ ಸುಳ್ಳುಗಾರನಾದೆ. ಹೊಸ ಡ್ರೈವರ್ ಜೊತೆ ಹಾಲಿಗೆ ಹೋದರೆ, ಹಿಂದೆ ಕೈ ಎತ್ತಿ ಮಾತಾಡಿಸುತ್ತಿದ್ದವರು ಕ್ಯಾನನ್ನು ರಸ್ತೆಗೆ ಇಟ್ಟು ಒಳಗೆ ಹೋಗುತ್ತಿದ್ದರು. ಮೊದಲ ದಿನ ನನ್ನ ಮೇಲೆ ಬಂದಿದ್ದ ನಾಯಿಯ ಯಜಮಾನ, ಈಗ ನನ್ನನ್ನು ನೋಡಿಯೇ ಸರಪಳಿ ಬಿಚ್ಚಿದ. ಆ ನಾಯಿಯ ಒಂದು ಕಡೆಯ ಹಲ್ಲುಗಳು ಮುರಿದಿದ್ದವು, ಆದರೂ ಇನ್ನೊಂದು ಕಡೆಯವು ಸಾಕಾದವು. ನನ್ನ ಕಾಲಿನ ಮೀನಖಂಡದಲ್ಲಿ ಅದರ ಗುರುತು ಈಗಲೂ ಇದೆ. ಡೇರಿಯವರು ನನ್ನನ್ನು ಗಾಡಿಯಿಂದ ಇಳಿಸಿ ಟ್ಯಾಂಕು ತೊಳೆಯಲು ಹಾಕಿದರು.

ಹಿಮ ಕರಗುವ ಹೊತ್ತಿಗೆ ಡ್ರೈವರ್ ಊರುಗೋಲಿನ ಮೇಲೆ ಡೇರಿಯ ಗೇಟಿಗೆ ಬಂದ. ಅವನ ಜೊತೆ ಅಣ್ಣನಿದ್ದ. ಕಾರು ಓಡಿಸಿಕೊಂಡು ಬಂದವನೇ ಅವನು. ನಾನು ಕೈ ಒರೆಸಿಕೊಂಡು ಹೊರಗೆ ಹೋದೆ. ಕಾಲು ಹೇಗಿದೆ ಎಂದು ಕೇಳಿದೆ.

"ನಿನಗ ನಾ ಏನ ಮಾಡಿದ್ದೆ?" ಅಂದ ಡ್ರೈವರ್.

"ಏನೂ ಮಾಡಿಲ್ಲ."

"ನಾಯಿ ಬಾಯಾಗಿಂದ ಉಳಿಸಿದೆ. ಮೆಣಸಿನಕಾಯಿ ಸುಟ್ಟ ತಂದೆ. ನೀ ನನ್ನ ಅಣ್ಣನ್ನ ಜೈಲಿಗೆ ಹಾಕಸ್ತಿ."

"ಅವರು ಕೇಳಿದ್ರು. ಆಗಿದ್ದ ಹೇಳಿದೆ."

ಅವನು ಊರುಗೋಲು ಎತ್ತಿ ನನ್ನ ಬಾಯಿಗೆ ಹೊಡೆದ. ಆ ರಭಸಕ್ಕೆ ಅವನೂ ಬಿದ್ದ. ನನ್ನ ಮುಂದಿನ ಹಲ್ಲುಗಳು ನಾಲಿಗೆಯ ಮೇಲೆ ಬಂದವು. ಅಣ್ಣ ನನ್ನ ಕಡೆ ತಿರುಗಿಯೂ ನೋಡದೆ, ತಮ್ಮನ ಕಂಕುಳಲ್ಲಿ ಕೈ ಹಾಕಿ ಎತ್ತಿ, ಬಟ್ಟೆಯ ಧೂಳು ಕೊಡವಿ, ಕಾರಿನಲ್ಲಿ ಕೂರಿಸಿದ. ಸವಣೂರಿನವನು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು ಓಡಿಬಂದ. ಕಾರಿನ ಬಾನೆಟ್ಟಿಗೆ ಒಂದು ಹೊಡೆದೂ ಹೊಡೆದ. ನಾನೇ ಅವನನ್ನು ತಡೆದೆ. ಅವನು ಆ ದಿನ ನನ್ನ ಬಾಯಿ ತೊಳೆದು, ಬಟ್ಟೆ ಒತ್ತಿ, ಗಂಜಿ ಕಾಯಿಸಿ ಕುಡಿಸಿದ. ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಅದಕ್ಕೆ ನಾನು ಅವನಿಗೆ ಋಣಿ.

ಊರಿಗೆ ವಿಡಿಯೊ ಕಾಲ್ ಮಾಡಿದಾಗ ಬಾಯಿ ಮುಚ್ಚಿಕೊಂಡು ಮಾತಾಡಲು ನೋಡಿದೆ. ಅವ್ವ ಹಿಡಿದುಬಿಟ್ಟಳು. ಅಪ್ಪನಿಗೆ ಎಲ್ಲ ಹೇಳಬೇಕಾಯಿತು.

"ಹೊರಗಿನವಗ ಯಾಕ ಬೇಕಿತ್ತ ಇದು?" ಅಂದ ಅಪ್ಪ.

"ನೀ ಹೇಳಲಿಲ್ಲಲಾ, ಅದಕ್ಕ."

ಅಪ್ಪ ಫೋನನ್ನು ಇನ್ನೊಂದು ಕೈಗೆ ತೆಗೆದುಕೊಂಡ. "ನಾ ಹೇಳಿದ್ರ ನಿಮ್ಮ ಕಾಕಾ ಒಳಗ ಹೋಗ್ತಿದ್ದ. ಅವನ ಹೆಂಡ್ತಿ ಮಕ್ಕಳ್ನ ಯಾರ ಸಾಕ್ತಿದ್ರು? ನಾನ ಸಾಕಬೇಕಾಗ್ತಿತ್ತ," ಅಂದ. ಅದು ತಮಾಷೆಯೋ ನಿಜವೋ ಅವನ ಮುಖದಿಂದ ತಿಳಿಯಲಿಲ್ಲ. "ನೀ ಮಾಡಿದ್ದು ತಪ್ಪ ಅಂತ ನಾ ಅನ್ನಂಗಿಲ್ಲ. ಹಲ್ಲ ತೋರಸ ಮದ್ಲ," ಅಂದ.

ಅಣ್ಣನಿಗೆ ಜೈಲಾಗಲಿಲ್ಲ. ಇಬ್ಬರೂ ಹೊಡೆದಾಡಿದ್ದು ನಿಜವೆಂದು ಕೋರ್ಟು ಒಪ್ಪಿತು, ಆದರೆ ಇಬ್ಬರೂ ದೂರು ಕೊಡಲು ಒಪ್ಪಲಿಲ್ಲ. ಮತ್ತೊಮ್ಮೆ ಕೈ ಎತ್ತಿದರೆ ಶಿಕ್ಷೆ ಎಂದು ಎಚ್ಚರಿಸಿ ಬಿಟ್ಟರು. ನನ್ನ ಮಾತಿನಿಂದ ಆದದ್ದು ಅಷ್ಟೇ.

ನಾನು ಹೊರಡುವ ವಾರ ಸಂತೆಯಲ್ಲಿ ಅತ್ತಿಗೆ ಸಿಕ್ಕಳು. ಹಾಲು ಒಡೆಸಿ ಮಾಡಿದ ಗಿಣ್ಣು, ಅಂದರೆ ಚೀಸು, ಮಾರಲು ಕುಳಿತಿದ್ದಳು. ನಾನು ದಾಟಿ ಹೋಗುತ್ತಿದ್ದೆ, ಕರೆದಳು. ಬಾಯಿ ತೆರೆ ಎಂದು ಸನ್ನೆ ಮಾಡಿ, ಗದ್ದ ಹಿಡಿದು, ದನದ ಹಲ್ಲು ನೋಡುವ ಹಾಗೆ ನೋಡಿದಳು. ಆಕೆಯ ಕಣ್ಣಿನ ಕೆಳಗೆ ಹಳದಿಯಾದ ಹಳೆಯ ಬಾವು ಇತ್ತು.

"ಯಾರ ಹೊಡದದ್ದು?" ಎಂದು ಕೇಳಿದೆ.

"ಈಗ ಇಬ್ರೂ ಒಂದ ಆಗ್ಯಾರ. ದಿನಾ ನಮ್ಮ ಮನ್ಯಾಗ ಕುಂತ ಕುಡೀತಾರ. ಮದ್ಲ ಇಬ್ರೂ ಒಬ್ಬರನ್ನೊಬ್ಬರು ಹೊಡೀತಿದ್ರು," ಅಂದಳು.

"ಅವತ್ತ ನೀವು ಎಲ್ಲಾ ನೋಡಿದ್ರಿ."

"ನೋಡೇನಿ. ನೀ ಹೇಳಿ ಹೋಗ್ತಿ, ನಾ ಇಲ್ಲೇ ಇರಬೇಕು." ಗಿಣ್ಣಿನ ಒಂದು ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಮೆತ್ತಗೈತಿ. ಹಲ್ಲ ಬೇಕಾಗಂಗಿಲ್ಲ."

ಪೊಲೀಸ್ ಠಾಣೆ ಚೌಕದ ಆಚೆ ಬದಿಗೇ ಇತ್ತು. ನಾನು ಆ ಕಡೆ ನೋಡಿದೆ. ಆಕೆಯೂ ನೋಡಿದಳು. ಆಮೇಲೆ ಗಿರಾಕಿ ಬಂದರು.

ಈಗ ನಾನು ಅಕ್ಕಿಆಲೂರಿನಲ್ಲಿದ್ದೇನೆ. ರೈಸ್‌ಮಿಲ್ಲಿನ ಲಾರಿ ಓಡಿಸುತ್ತೇನೆ; ಹಿರೇಕೆರೂರು, ಶಿಗ್ಗಾಂವ, ಕೆಲವೊಮ್ಮೆ ಹುಬ್ಬಳ್ಳಿ. ಸವಣೂರಿನವನು ಅಲ್ಲೇ ಉಳಿದ. ನನ್ನ ಜಾ‌ಗದಲ್ಲಿ ಅವನನ್ನೇ ಹಾಲಿನ ಗಾಡಿಗೆ ಹಾಕಿದ್ದಾರೆ. ಮೊನ್ನೆ ಫೋನ್ ಮಾಡಿದ್ದ. ಅಣ್ಣನನ್ನು ಪೊಲೀಸರು ಒಯ್ದರಂತೆ. ಡ್ರೈವರ್‌ನನ್ನೂ.

"ಮತ್ತ ಹೊಡದಾಡಿದ್ರೇನ?" ಅಂದೆ.

"ಇಲ್ಲ. ಅಣ್ಣನ ಹೆಂಡ್ತಿನ್ನ ಬಡದಾರ. ಕೈ ಮುರದೈತಿ. ನಾ ಹಾಲಿಗೆ ಹೋದಾಗ ಅಂಗಳದಾಗ ಕುಂತಿದ್ಳು. ನನ್ನ ಫೋನ್ ಇಸಕೊಂಡು ತಾನ ಪೊಲೀಸರಿಗೆ ಮಾತಾಡಿದ್ಳು. ಅವರು ಬರೂತನಾ ಹೊಸಾ ಡ್ರೈವರ್‌ಗ ಹೇಳಿ ನಾ ಗಾಡಿ ಅಲ್ಲೇ ನಿಲ್ಲಿಸಿದ್ದೆ."

"ಡೇರಿಯವ್ರು ಏನಂದ್ರು?"

"ಹಾಲು ಯಾಕ ತಡಾ ಆತು ಅಂದ್ರು. ಆಗಿದ್ದ ಹೇಳಿದೆ," ಅಂದ.

ಆಕಳುಗಳನ್ನು ಈಗ ಯಾರು ಕರೆಯುತ್ತಾರೆ ಎಂದು ಕೇಳಿದೆ. ಆಕೆಯ ಕೈಗೆ ಪ್ಲಾಸ್ಟರ್ ಇರುವವರೆಗೆ ದಿನ ಬೆಳಿಗ್ಗೆ ತಾನೇ ಹೋಗಿ ಕರೆಯುತ್ತಿದ್ದೇನೆ, ಎರಡು ಆಕಳು ಒದೆಯುತ್ತವೆ ಎಂದು ಹೇಳಿದ.